ಮಗು ಯಾರೊಟ್ಟಿಗೂ ಬೆರೆಯುವುದಿಲ್ಲವೆ? ಮೊದಲು ಕಿವಿ ನೋಡಿ



ಜೂನ್ ತಿಂಗಳ ಮೊದಲ ವಾರ ನಮ್ಮ ಕಾಸರಗೋಡಿನ ಕಡೆಗೆ ಎರಡು ಸಂಗತಿಗಳು ಜೊತೆಯಾಗಿ ಬರುತ್ತವೆ. ಒಂದು ಮಳೆ, ಇನ್ನೊಂದು ಶಾಲೆ. ಪ್ರವೇಶೋತ್ಸವವೆಂದು ಬಾಗಿಲಿಗೆ ತೋರಣ ಕಟ್ಟಿ, ಬಲೂನು ಕೊಟ್ಟು, ಪಾಯಸ ಹಂಚಿ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ಅಂದು ನಗುನಗುತ್ತ ಒಳಗೆ ಹೋದ ಮಗು ಎರಡನೆಯ ವಾರದಲ್ಲಿ ಅಜ್ಜಿಯ ಸೆರಗು ಹಿಡಿದುಕೊಂಡು ಗೇಟಿನ ಹತ್ತಿರವೇ ನಿಂತಿರುತ್ತದೆ. ಮಳೆ ಸುರಿಯುತ್ತಿದೆ, ಕೊಡೆ ಒಂದೇ, ಒಳಗೆ ಗಂಟೆ ಹೊಡೆದಾಗಿದೆ.

ಹೋದ ವರ್ಷ ಹಾಗೆ ಗೇಟಿನಲ್ಲಿ ನಿಂತ ಒಬ್ಬ ಅಜ್ಜಿ ನನ್ನನ್ನು ಕಂಡು ಕರೆದರು. ನಾನು ಈಗ ನಿವೃತ್ತಳು. ಆದರೂ ಊರಿನವರಿಗೆ ನಾನು ಟೀಚರೇ. "ಟೀಚರೇ, ನಮ್ಮ ಪುಳ್ಳಿ ಮನೆಯಲ್ಲಿ ಬಾಯಿ ಮುಚ್ಚುವುದಿಲ್ಲ. ಇಲ್ಲಿ ಬಂದರೆ ಬಾಯಿ ಬಿಡುವುದಿಲ್ಲ. ಯಾರೊಟ್ಟಿಗೂ ಬೆರೆಯುವುದಿಲ್ಲ. ಎಂತ ಮಾಡುವುದು?" ಎಂದು ಕೇಳಿದರು. ಆ ಮಳೆಯಲ್ಲಿ ನಿಂತು ಕೊಟ್ಟ ಉತ್ತರ ಅರ್ಧವಾಯಿತು. ಉಳಿದದ್ದನ್ನು ಈಗ ಹೇಳುತ್ತೇನೆ.

ಬೆರೆಯದ ಮಗುವಿಗೆ ನಾವು ಕೂಡಲೇ ಒಂದು ಹೆಸರಿಟ್ಟುಬಿಡುತ್ತೇವೆ. ನಾಚಿಕೆ ಸ್ವಭಾವ, ಮೊಂಡು, ಮಂಕು, ಅಮ್ಮನ ಬಾಲ. ಸ್ವಭಾವ ಎನ್ನುವುದು ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೆಲವು ಮಕ್ಕಳು ಹೊಸ ಜಾಗದಲ್ಲಿ ಮೊದಲು ಗೋಡೆಗೆ ಒರಗಿ ನಿಂತು ನೋಡುತ್ತಾರೆ, ಆಮೇಲೆ ಆಟಕ್ಕೆ ಇಳಿಯುತ್ತಾರೆ. ಅದರಲ್ಲಿ ದೋಷವೇನೂ ಇಲ್ಲ. ಆದರೆ ನನ್ನ 33 ವರ್ಷದ ಪಾಠದಲ್ಲಿ ನಾನು ತಡವಾಗಿ ಕಲಿತ ಒಂದು ಮಾತುಂಟು. ಮಗು ಇತರರೊಡನೆ ಸೇರದೆ ಹೋದರೆ ಮನಸ್ಸನ್ನು ಪರೀಕ್ಷಿಸುವುದಕ್ಕೆ ಮುಂಚೆ ದೇಹವನ್ನು ಪರೀಕ್ಷಿಸಬೇಕು. ಕಿವಿ ಸರಿಯಾಗಿ ಕೇಳದ ಮಗು, ಹೊಟ್ಟೆ ಕಟ್ಟಿಕೊಂಡ ಮಗು, ಮೂತ್ರ ತಡೆದುಕೊಂಡು ಕುಳಿತ ಮಗು, ತಲೆ ಕೆರೆದುಕೊಳ್ಳುವ ಮಗು ಹೇಗೆ ಆಡೀತು?

ಕಿವಿಯ ಮಾತು ಮೊದಲು. ಅದಕ್ಕೆ ಕಾರಣವಿದೆ.

1991ರಲ್ಲಿ ನನ್ನ ಎರಡನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕೊನೆಯ ಬೆಂಚು. ಕರೆದರೆ ಒಮ್ಮೆ ಓಗೊಡುತ್ತಿದ್ದ, ಒಮ್ಮೆ ಇಲ್ಲ. ಪ್ರಶ್ನೆ ಕೇಳಿದರೆ ಪಕ್ಕದವನ ಮುಖ ನೋಡುತ್ತಿದ್ದ. ಆಟದ ಹೊತ್ತಿಗೆ ಮರದ ಬುಡದಲ್ಲಿ ಒಬ್ಬನೇ ಕುಳಿತಿರುತ್ತಿದ್ದ. ಜೊತೆಯ ಮಕ್ಕಳು ಅವನನ್ನು 'ಕೆಪ್ಪ' ಎಂದು ಕರೆಯುತ್ತಿದ್ದರು. ಹಾಗೆಲ್ಲ ಹೇಳಬಾರದೆಂದು ನಾನು ಮಕ್ಕಳಿಗೆ ಗದರಿದೆ. ಗದರಿದೆ ಅಷ್ಟೇ, ಅವರು ಹೇಳಿದ್ದು ನಿಜವಿರಬಹುದೆ ಎಂದು ನೋಡಲಿಲ್ಲ. ಆ ವರ್ಷ ಅವನನ್ನು ಅದೇ ತರಗತಿಯಲ್ಲಿ ಉಳಿಸಿದೆವು. ಮರುವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ದೊಡ್ಡ ಮಕ್ಕಳ ಯಕ್ಷಗಾನಕ್ಕೆ ಚೆಂಡೆ ಹೊಡೆಯುತ್ತಿದ್ದಾಗ ಈ ಹುಡುಗ ಚೆಂಡೆಯ ಮಗ್ಗುಲಿಗೇ ಬಂದು, ತಾಳ ಸ್ವಲ್ಪವೂ ತಪ್ಪದೆ ಹೆಜ್ಜೆ ಹಾಕಿದ. ಮಂದಬುದ್ಧಿಯ ಹುಡುಗ ಹಾಗೆ ಹೆಜ್ಜೆ ಹಾಕುತ್ತಾನೆಯೆ? ಚೆಂಡೆ ಕೇಳುತ್ತದೆ, ಮಾತು ಕೇಳುವುದಿಲ್ಲ ಎಂದು ನನಗೆ ಆಗ ಹೊಳೆಯಿತು. ಅವನ ಅಪ್ಪ ಮಂಗಳೂರಿಗೆ ಕರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿದರು. ಎರಡೂ ಕಿವಿಯ ಒಳಗೆ ಅಂಟಿನಂತಹ ದ್ರವ ತುಂಬಿತ್ತು. ಚಿಕಿತ್ಸೆ ಆದ ಮೇಲೆ ಅವನು ಮಾತಾಡಿದ್ದೇ ಮಾತಾಡಿದ್ದು! ಆದರೆ ಒಂದು ವರ್ಷ ಹೋಗಿತ್ತು. ಅದನ್ನು ಕಳೆದವಳು ನಾನು.

ಇದು ಅಪರೂಪದ ಕಾಯಿಲೆಯಲ್ಲ. ಎರಡರಿಂದ ಆರೇಳು ವರ್ಷದೊಳಗಿನ ಮಕ್ಕಳಲ್ಲಿ ಬಹಳ ಸಾಮಾನ್ಯ. ನಮ್ಮ ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಒಂದು ಸಣ್ಣ ಕೋಣೆಯುಂಟು. ಆ ಕೋಣೆಯಿಂದ ಗಂಟಲಿನ ಮೇಲ್ಭಾಗಕ್ಕೆ, ಅಂದರೆ ಮೂಗಿನ ಹಿಂದಕ್ಕೆ, ಒಂದು ಸಪೂರ ಕೊಳವೆ ಇದೆ. ನಾವು ಉಗುಳು ನುಂಗಿದಾಗಲೆಲ್ಲ ಅದು ತೆರೆದು ಒಳಗೆ ಗಾಳಿ ಬಿಡುತ್ತದೆ. ಘಟ್ಟ ಹತ್ತುವ ಬಸ್ಸಿನಲ್ಲಿ ಕಿವಿ ಮುಚ್ಚಿ 'ಟಕ್' ಎಂದು ಬಿಡುತ್ತದಲ್ಲ, ಅದು ಈ ಕೊಳವೆಯ ಕೆಲಸವೇ. ದೊಡ್ಡವರಲ್ಲಿ ಈ ಕೊಳವೆ ಉದ್ದ, ಇಳಿಜಾರು. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಮಟ್ಟಸ. ಶೀತವಾದಾಗ ಅದು ಬಾತು ಮುಚ್ಚಿಕೊಳ್ಳುತ್ತದೆ. ಗಾಳಿ ಹೋಗದ ಕೋಣೆಯಲ್ಲಿ ದ್ರವ ಸೇರುತ್ತದೆ, ಕೆಲವೊಮ್ಮೆ ಗಟ್ಟಿಯಾಗುತ್ತದೆ. ಕಿವಿತಮಟೆ ಅಲುಗಾಡುವುದಕ್ಕೆ ಆಗುವುದಿಲ್ಲ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಈ ರೇಡಿಯೋ ಕೇಳಿ ನೋಡಿ. ಆ ಮಗುವಿಗೆ ತರಗತಿ ಹಾಗೆ ಕೇಳುತ್ತದೆ.

ಇಲ್ಲಿ ಮೋಸ ಎಲ್ಲಿದೆಯೆಂದರೆ, ನೋವಿಲ್ಲ. ಕೀವಿಲ್ಲ, ಜ್ವರವಿಲ್ಲ. ಮಗು ದೂರು ಹೇಳುವುದಿಲ್ಲ, ಏಕೆಂದರೆ ತನಗೆ ಕೇಳುತ್ತಿಲ್ಲವೆಂದು ಮಗುವಿಗೇ ಗೊತ್ತಿರುವುದಿಲ್ಲ. ಇದು ಏರಿಳಿಯುತ್ತದೆ ಕೂಡ. ಶೀತವಿದ್ದ ವಾರ ಕೇಳುವುದಿಲ್ಲ, ಬಿಸಿಲು ಬಂದ ವಾರ ಕೇಳುತ್ತದೆ. ಹಾಗಾಗಿಯೇ ಮನೆಯವರು "ಬೇಕಾದ್ದು ಮಾತ್ರ ಕೇಳುತ್ತದೆ ಇವನಿಗೆ" ಎಂದು ಬೈಯುತ್ತಾರೆ. ನಾನೂ ಹಾಗೆ ಹೇಳಿದ್ದೆ.

ಮನೆಯಲ್ಲಿ ನೀವು ಗಮನಿಸಬಹುದಾದದ್ದು ಇಷ್ಟು. ಮಗು ಟಿ.ವಿ.ಯ ದನಿ ಹೆಚ್ಚಿಸುತ್ತದೆಯೆ, ಅಥವಾ ಅದರ ಹತ್ತಿರಕ್ಕೇ ಹೋಗಿ ಕುಳಿತುಕೊಳ್ಳುತ್ತದೆಯೆ? ಮಾತಿಗೊಮ್ಮೆ "ಆಂ?" ಎನ್ನುತ್ತದೆಯೆ? ಬಾಯಿ ತೆರೆದು ಉಸಿರಾಡುತ್ತದೆಯೆ, ರಾತ್ರಿ ಗೊರಕೆ ಹೊಡೆಯುತ್ತದೆಯೆ? ಎದುರು ನಿಂತು ಹೇಳಿದರೆ ಅರ್ಥವಾಗಿ, ಹಿಂದಿನಿಂದ ಹೇಳಿದರೆ ಅರ್ಥವಾಗುವುದಿಲ್ಲವೆ? ಒಂದು ಸಣ್ಣ ಆಟವನ್ನೂ ಮಾಡಬಹುದು. ಮಗುವಿನ ಬೆನ್ನ ಹಿಂದೆ ಮೂರು ಮಾರು ದೂರ ನಿಂತು, ಪಿಸುಮಾತಿಗಿಂತ ಸ್ವಲ್ಪ ಮೇಲಿನ ದನಿಯಲ್ಲಿ ಅದು ಮಾಡಬೇಕಾದ ಕೆಲಸ ಹೇಳಿ. "ಅಕ್ಕನ ಚಪ್ಪಲಿ ತಾ", "ಬೆಕ್ಕನ್ನು ಎಬ್ಬಿಸು", ಹೀಗೆ. ಊಟಕ್ಕೆ ಬಾ ಎಂದು ಮಾತ್ರ ಹೇಳಬೇಡಿ. ಆ ಹೊತ್ತಿಗೆ ಕೇಳದಿದ್ದರೂ ಅಂದಾಜಿನಿಂದ ಬರುತ್ತಾರೆ. ಈ ಆಟ ವೈದ್ಯರ ಪರೀಕ್ಷೆಗೆ ಬದಲಲ್ಲ. ಸಂಶಯ ಬಂದರೆ ಕಿವಿ, ಮೂಗು, ಗಂಟಲಿನ ವೈದ್ಯರಲ್ಲಿಗೆ ಹೋಗಲೇಬೇಕು.

ಹೆಚ್ಚಿನ ಮಕ್ಕಳಲ್ಲಿ ಈ ದ್ರವ ಮೂರು ತಿಂಗಳೊಳಗೆ ತನ್ನಿಂದ ತಾನೇ ಇಳಿದುಹೋಗುತ್ತದೆ. ಆದುದರಿಂದ ವೈದ್ಯರು "ಕಾಯೋಣ" ಎಂದರೆ ಅವರು ಏನೂ ಮಾಡಲಿಲ್ಲವೆಂದು ತಿಳಿಯಬೇಡಿ. ಮೂರು ತಿಂಗಳ ಮೇಲೂ ಉಳಿದರೆ, ಕೇಳಿಸುವುದಕ್ಕೆ ತೊಂದರೆಯಾದರೆ, ಕಿವಿತಮಟೆಯಲ್ಲಿ ಚಿಕ್ಕ ನಳಿಗೆ ಇಡುವ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಕಾಯುವ ಆ ತಿಂಗಳುಗಳಲ್ಲಿ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಲು ಟೀಚರಿಗೆ ಹೇಳಿ. ಮಾತಾಡುವವರ ಮುಖದ ಮೇಲೆ ಬೆಳಕು ಬೀಳಬೇಕು, ಮಗುವಿಗೆ ತುಟಿ ಕಾಣಬೇಕು. ಮನೆಯೊಳಗೆ ಬೀಡಿ, ಸಿಗರೇಟು ಸೇದುವವರು ಅಂಗಳ ದಾಟಿ ಸೇದಲಿ. ಆ ಹೊಗೆ ಈ ತೊಂದರೆಯನ್ನು ಹೆಚ್ಚಿಸುತ್ತದೆ.

ಇನ್ನು ಎಣ್ಣೆ. ಕಿವಿಗೆ ಬೆಚ್ಚಗಿನ ತೆಂಗಿನೆಣ್ಣೆ ಬಿಡುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದದ್ದು, ಅಜ್ಜಿಯಂದಿರ ಜೊತೆ ಜಗಳ ಮಾಡಲು ನನಗೆ ಇಷ್ಟವಿಲ್ಲ. ಆದರೆ ಸೋರುವ ಕಿವಿಗೆ ಎಣ್ಣೆ ಬಿಡಲೇಬಾರದು. ತಮಟೆ ತೂತಾಗಿದ್ದರೆ ಎಣ್ಣೆ ನೇರ ಒಳಗಿನ ಕೋಣೆಗೆ ಇಳಿಯುತ್ತದೆ. ಸೋರುವ ಕಿವಿಯ ಮಗುವನ್ನು ಕೆರೆಗೆ, ಹೊಳೆಗೆ ಇಳಿಸಲೂ ಬಾರದು. ಹಾಗೆಯೇ ಹೇರ್‌ಪಿನ್ನು, ಬೆಂಕಿಕಡ್ಡಿ, ಹಿಡಿಸೂಡಿಯ ಕಡ್ಡಿ ಯಾವುದೂ ಕಿವಿಯೊಳಗೆ ಹೋಗಬಾರದು.

ಎರಡನೆಯ ಸಂಗತಿ ಹೇಳಲು ಸ್ವಲ್ಪ ಸಂಕೋಚದ್ದು. ರೇಡಿಯೋದಲ್ಲಿ ಹೇಳುವುದೆ ಎಂದು ನಮ್ಮ ಮನೆಯವರೂ ಕೇಳಿದರು. ಹೇಳದೆ ಇರುವುದರಿಂದಲೇ ಮಕ್ಕಳು ಪೆಟ್ಟು ತಿನ್ನುತ್ತಾರೆ, ಆದ್ದರಿಂದ ಹೇಳುತ್ತೇನೆ.

ಶಾಲೆಯ ಕಕ್ಕಸಿಗೆ ಹೋಗಲು ಹೆದರುವ ಮಕ್ಕಳು ಬಹಳ. ಕತ್ತಲೆ, ವಾಸನೆ, ಬಾಗಿಲಿನ ಕೊಂಡಿ ಕೈಗೆ ಎಟುಕುವುದಿಲ್ಲ, ಕೊಂಡಿ ಹಾಕದಿದ್ದರೆ ಹೊರಗಿನವರು ತಳ್ಳುತ್ತಾರೆ. ಮನೆಯಲ್ಲಿ ಅಮ್ಮ ಬಿಚ್ಚಿಕೊಡುತ್ತಿದ್ದ ಗುಂಡಿ ಇಲ್ಲಿ ತಾನೇ ಬಿಚ್ಚಬೇಕು. ಮಗು ಒಂದು ಉಪಾಯ ಕಂಡುಕೊಳ್ಳುತ್ತದೆ. ನೀರು ಕುಡಿಯುವುದನ್ನು ನಿಲ್ಲಿಸುತ್ತದೆ. ಬೆಳಿಗ್ಗೆ ತುಂಬಿಸಿಕೊಟ್ಟ ಬಾಟಲಿ ಸಂಜೆ ಹಾಗೆಯೇ ಮನೆಗೆ ಬಂದರೆ ಎಚ್ಚರಿಕೆ ವಹಿಸಿ. ನೀರು ಕಡಿಮೆಯಾಗಿ ಮೂತ್ರ ತಡೆದುಕೊಂಡರೆ ಮೂತ್ರದ ಸೋಂಕು ಆಗುತ್ತದೆ, ಹೆಣ್ಣುಮಕ್ಕಳಿಗಂತೂ ಬೇಗ. ಉರಿ, ಮತ್ತೆಮತ್ತೆ ಹೋಗಬೇಕೆನ್ನುವುದು, ಕಾರಣ ಕಾಣದ ಜ್ವರ, ಹಿಂದೆ ಇಲ್ಲದೆ ಈಗ ಹಾಸಿಗೆ ಒದ್ದೆ ಮಾಡುವುದು ಅದರ ಲಕ್ಷಣಗಳು. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯುವುದಕ್ಕೆಂದೇ ಗಂಟೆ ಹೊಡೆಯುವ ಪದ್ಧತಿ ಬಂತು, ಅದೇ ವರ್ಷ ಕರ್ನಾಟಕದ ಶಾಲೆಗಳಿಗೂ ಅದು ಹೋಯಿತು. ಒಳ್ಳೆಯ ಕೆಲಸ. ಆದರೆ ಕುಡಿದ ನೀರು ಹೋಗುವ ದಾರಿಯನ್ನೂ ನೋಡಬೇಕಲ್ಲ? ಶಾಲೆ ಸುರುವಾಗುವುದಕ್ಕೆ ಮೊದಲೇ ಒಂದು ದಿನ ಮಗುವನ್ನು ಕರೆದುಕೊಂಡು ಹೋಗಿ ಆ ಬಾಗಿಲು, ಆ ಕೊಂಡಿ, ಆ ನಲ್ಲಿಯನ್ನು ತೋರಿಸಿ. ಕೊಂಡಿ ಎತ್ತರದಲ್ಲಿದ್ದರೆ ಕೆಳಗೆ ಇನ್ನೊಂದು ಹಾಕಿಸಿ ಎಂದು ಪಿ.ಟಿ.ಎ. ಸಭೆಯಲ್ಲಿ ಕೇಳಿ. ಕೊಂಡಿಗೆಷ್ಟು ಖರ್ಚು? ಮಗುವಿಗೆ ತಾನೇ ಎಳೆದುಕೊಳ್ಳಬಲ್ಲ ಇಲಾಸ್ಟಿಕ್ಕಿನ ಚಡ್ಡಿ ಹೊಲಿಸಿ. ಹುಕ್ಕು, ಬೆಲ್ಟು ಆಮೇಲೆ ಸಾಕು.

ಮಲ ತಡೆಯುವುದು ಇದಕ್ಕಿಂತ ದೊಡ್ಡ ತೊಂದರೆ. ನಾಲ್ಕೈದು ದಿನ ತಡೆದರೆ ಅದು ಗಟ್ಟಿಯಾಗುತ್ತದೆ, ಹೋಗುವಾಗ ನೋಯುತ್ತದೆ. ನೋವಿಗೆ ಹೆದರಿ ಮಗು ಇನ್ನೂ ತಡೆಯುತ್ತದೆ. ಕೊನೆಗೆ ಕರುಳಿನ ತುದಿ ಹಿಗ್ಗಿ, ಬಂದಿದೆ ಎಂಬ ಅರಿವೇ ಹೋಗುತ್ತದೆ. ಗಟ್ಟಿಯಾದದ್ದರ ಪಕ್ಕದಿಂದ ತೆಳ್ಳಗಿನದು ಸೋರಿ ಚಡ್ಡಿಗೆ ತಾಗುತ್ತದೆ. ಮನೆಯವರು ಭೇದಿ ಎಂದುಕೊಳ್ಳುತ್ತಾರೆ, ಅಥವಾ ಸೋಮಾರಿತನವೆಂದು ಹೊಡೆಯುತ್ತಾರೆ. ಶಾಲೆಯಲ್ಲಿ ಪಕ್ಕದ ಮಕ್ಕಳು ಮೂಗು ಮುಚ್ಚಿ ದೂರ ಸರಿಯುತ್ತಾರೆ. ಆ ಮೇಲೆ "ನಮ್ಮ ಹುಡುಗ ಯಾರೊಟ್ಟಿಗೂ ಬೆರೆಯುವುದಿಲ್ಲ" ಎಂದರೆ ಹೇಗೆ? ಅವನು ಬೆರೆಯದಿರುವುದಲ್ಲ, ಬೆರೆಯಲು ಬಿಡುತ್ತಿಲ್ಲ. ಇದು ಮಗುವಿನ ಕೈಯಲ್ಲಿರುವ ವಿಷಯವೇ ಅಲ್ಲ. ಬೈದರೆ ಹೆಚ್ಚಾಗುತ್ತದೆ. ವೈದ್ಯರಿಗೆ ತೋರಿಸಿದರೆ ಮಲ ಮೆದುವಾಗುವ ಔಷಧ ಕೊಡುತ್ತಾರೆ. ಅದನ್ನು ಎರಡು ದಿನಕ್ಕೆ ನಿಲ್ಲಿಸಬಾರದು, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕಾಗುತ್ತದೆ. ಹಿಗ್ಗಿದ ಕರುಳು ಮೊದಲಿನಂತಾಗಲು ಅಷ್ಟು ಸಮಯ ಬೇಕು. ಊಟವಾದ ಮೇಲೆ ಕರುಳು ತಾನೇ ಚುರುಕಾಗುತ್ತದೆ. ಆದ್ದರಿಂದ ಬೆಳಗ್ಗಿನ ತಿಂಡಿಯಾದ ಕೂಡಲೇ ಐದರಿಂದ ಹತ್ತು ನಿಮಿಷ ಅವಸರವಿಲ್ಲದೆ ಕೂರಿಸಿ. ಅಂದರೆ ಮಗು ಕಾಲು ಗಂಟೆ ಮೊದಲೇ ಏಳಬೇಕು. ಕುರ್ಚಿಯಂತಹ ಕಮೋಡಾದರೆ ಕಾಲು ನೇತಾಡಬಾರದು. ಕೆಳಗೆ ಒಂದು ಮಣೆ ಇಡಿ. ಬಸಳೆ, ಹರಿವೆ, ಪಪ್ಪಾಯಿ ನಮ್ಮ ಹಿತ್ತಲಲ್ಲೇ ಇವೆ.

ಹುಳು, ಹೇನು, ಕಣ್ಣು ಇವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ರಾತ್ರಿ ಗುದದ್ವಾರ ತುರಿಸಿ ನಿದ್ದೆ ಕೆಡುವ ಮಗು ಹಗಲು ಸಿಡಿಮಿಡಿ ಮಾಡುತ್ತದೆ. ಅದು ದಾರದಂತಹ ಸಣ್ಣ ಬಿಳಿ ಹುಳುವಿನ ಕೆಲಸ. ಮನೆಯವರೆಲ್ಲ ಒಂದೇ ದಿನ ಔಷಧ ತೆಗೆದುಕೊಂಡು, ಎರಡು ವಾರ ಬಿಟ್ಟು ಇನ್ನೊಮ್ಮೆ ತೆಗೆದುಕೊಳ್ಳಬೇಕು, ಉಗುರು ಕತ್ತರಿಸಬೇಕು. 2015ರಿಂದ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳದ ಮಾತ್ರೆ ಕೊಡುವ ದಿನ ಉಂಟು. ಆ ದಿನ ಮಗುವನ್ನು ಮನೆಯಲ್ಲಿ ನಿಲ್ಲಿಸಬೇಡಿ. ಹೇನು ಹಾರುವುದಿಲ್ಲ, ತಲೆಗೆ ತಲೆ ತಾಗಿ ಹರಿದು ಬರುತ್ತದೆ. ಕೊಳಕಿನ ಗುರುತೂ ಅಲ್ಲ, ಸ್ವಚ್ಛ ತಲೆಗೂ ಬರುತ್ತದೆ. ತಲೆ ಒದ್ದೆ ಮಾಡಿ ಸೀರಣಿಗೆಯಲ್ಲಿ ಬುಡದಿಂದ ತುದಿಗೆ ಬಾಚಿ. ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ವಾರ. ಸೀರು ಒಡೆದು ಮರಿ ಬರಲು ಏಳರಿಂದ ಹತ್ತು ದಿನ ಬೇಕಾದ್ದರಿಂದ ಒಮ್ಮೆ ಬಾಚಿ ಬಿಟ್ಟರೆ ಪ್ರಯೋಜನವಿಲ್ಲ. ಎಲ್ಲರ ಎದುರು "ಇವಳ ತಲೆಯಲ್ಲಿ ಹೇನು" ಎಂದು ಹೇಳಿದರೆ ಆ ಹುಡುಗಿ ಆ ವರ್ಷವಿಡೀ ಒಂಟಿ. ಇನ್ನು ಪುಸ್ತಕವನ್ನು ಮೂಗಿಗೆ ತಾಗಿಸಿ ಓದುವ, ದೂರದ ಚೆಂಡು ಹಿಡಿಯಲಾಗದ ಮಗುವಿನ ಕಣ್ಣು ಪರೀಕ್ಷೆ ಮಾಡಿಸಿ. ಚೆಂಡು ಕಾಣದವನನ್ನು ಯಾರು ತಮ್ಮ ಕಡೆಗೆ ಸೇರಿಸಿಕೊಳ್ಳುತ್ತಾರೆ?

ಈಗ ಭಾಷೆಯ ವಿಷಯಕ್ಕೆ ಬರೋಣ. ಗಡಿಯಲ್ಲಿರುವ ನಮಗೆ ಇದು ಬೇರೆಯವರಿಗಿಂತ ಹೆಚ್ಚಿನ ಪ್ರಶ್ನೆ. ನನ್ನ ಮನೆಮಾತು ತುಳು. ಪಕ್ಕದ ಮನೆಯಲ್ಲಿ ಹವ್ಯಕ ಕನ್ನಡ, ಅದರಾಚೆ ಕೊಂಕಣಿ, ಕೆಳಗಿನ ಮನೆಯಲ್ಲಿ ಬ್ಯಾರಿ. ಶಾಲೆಯ ಪುಸ್ತಕ ಕನ್ನಡದ್ದು, ಅಂಗಡಿ ಬಸ್ಸು ಆಸ್ಪತ್ರೆ ಮಲಯಾಳದ್ದು. ಅಂಗನವಾಡಿಯ ಟೀಚರಿಗೆ ಕನ್ನಡ ಬಾರದಿರುವುದೂ ಉಂಟು. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡದ ಮಗುವಿಗೆ ಮರಾಠಿ, ತಾಳವಾಡಿಯ ಮಗುವಿಗೆ ತಮಿಳು, ಆದವಾನಿಯ ಮಗುವಿಗೆ ತೆಲುಗು ಇದೇ ರೀತಿ ಎದುರಾಗುತ್ತದೆ.

ಹೊಸ ಭಾಷೆಯ ನಡುವೆ ಬಿದ್ದ ಮಗು ಮೊದಲು ಸುಮ್ಮನಾಗುತ್ತದೆ. ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು. ಆ ಮೌನದಲ್ಲಿ ಅದು ಕೇಳಿಸಿಕೊಳ್ಳುತ್ತಿರುತ್ತದೆ, ಸನ್ನೆಯಿಂದ ಆಡುತ್ತಿರುತ್ತದೆ. ಇದನ್ನು ಕಂಡು ಗಾಬರಿಯಾಗಿ "ಮನೆಯಲ್ಲೂ ಮಲಯಾಳವೇ ಮಾತಾಡಿ" ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಕೇಳಬೇಡಿ. ಎರಡು ಮೂರು ಭಾಷೆಗಳಿಂದ ಮಕ್ಕಳ ಮಾತು ಕೆಡುವುದಿಲ್ಲ, ಬುದ್ಧಿ ಗಲಿಬಿಲಿಯಾಗುವುದಿಲ್ಲ. ಮನೆಯಲ್ಲಿ ಅಮ್ಮ ತನಗೇ ಸರಿಯಾಗಿ ಬಾರದ ಭಾಷೆಯಲ್ಲಿ ತಡವರಿಸಿ ಮಾತಾಡಿದರೆ ಮಗುವಿಗೆ ಇರುವ ಒಂದು ಸಲೀಸಾದ ಮಾತೂ ಕೈಬಿಟ್ಟಂತಾಗುತ್ತದೆ. ಅಜ್ಜಿಯ ಕಥೆ ನಿಲ್ಲುತ್ತದೆ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಕಥೆ ಹೇಳಲು ಕಲಿತ ಮಗು ಇನ್ನೊಂದನ್ನು ಬೇಗ ಹಿಡಿಯುತ್ತದೆ.

ಅದಕ್ಕೆ ಬದಲಾಗಿ ಮಗುವಿನ ಜೇಬಿಗೆ ನಾಲ್ಕೈದು ವಾಕ್ಯ ಹಾಕಿ ಕಳಿಸಿ. "ಎನಿಕ್ಕು ವೆಳ್ಳಂ ವೇಣಂ", ನನಗೆ ನೀರು ಬೇಕು. "ಬಾತ್‌ರೂಮಿಲ್ ಪೋಣಂ". "ವಯರು ವೇದನಿಕ್ಕುನ್ನು", ಹೊಟ್ಟೆ ನೋಯುತ್ತದೆ. ಮತ್ತೆ ಬಹಳ ಮುಖ್ಯವಾದದ್ದು, "ಞಾನುಂ ಕಳಿಕ್ಕಟ್ಟೆ?", ನಾನೂ ಆಡಲೆ? ಮನೆಯಲ್ಲಿ ಇದನ್ನು ಆಟದಂತೆ ಹೇಳಿಸಿ. ನಾಲ್ಕು ವಾಕ್ಯ ಬಂದರೆ ಅರ್ಧ ಹೆದರಿಕೆ ಹೋಗುತ್ತದೆ. ಟೀಚರಿಗೂ ನಿಮ್ಮ ಮನೆಯ ಮಾತಿನ ನಾಲ್ಕು ಶಬ್ದ ಬರೆದುಕೊಡಿ. ನಾನು ಮಲಯಾಳದ ಮಕ್ಕಳ ಅಮ್ಮಂದಿರಿಂದ ಹಾಗೆ ಬರೆಸಿಕೊಂಡಿದ್ದೆ.

ಬೆರೆಯುವುದನ್ನು ಕಲಿಸಬಹುದೆ? ಕಲಿಸಬಹುದು. ಆದರೆ ಜಾತ್ರೆಯಲ್ಲಿ, ಮದುವೆಮನೆಯಲ್ಲಿ ತಳ್ಳಿ "ಹೋಗು, ಆಡು" ಎಂದರೆ ಅದು ಕಲಿಸುವುದಲ್ಲ. ಒಂದು ಮಗುವಿನಿಂದ ಸುರು ಮಾಡಿ. ತರಗತಿಯಲ್ಲಿ ಹತ್ತಿರ ಕೂರುವ ಒಂದೇ ಮಗುವನ್ನು ಶನಿವಾರ ಮನೆಗೆ ಕರೆಯಿರಿ. ಮೊದಲ ಸಲ ಒಂದು ಗಂಟೆ ಸಾಕು. ಜಗಳ ಹತ್ತುವ ಮೊದಲೇ ಅವಲಕ್ಕಿ ಕೊಟ್ಟು ಕಳಿಸಿ. ನಿಮ್ಮ ಮಗುವಿಗೆ ಜೀವಕ್ಕಿಂತ ಹೆಚ್ಚಾದ ಆಟಿಕೆ ಇದ್ದರೆ ಅದನ್ನು ಮೊದಲೇ ಅಟ್ಟಕ್ಕೆ ಹಾಕಿ. ನೀವು ಕಣ್ಣಳತೆಯಲ್ಲಿರಿ, ನಡುವೆ ಕೂರಬೇಡಿ.

ನಾಚಿಕೆಯ ಮಕ್ಕಳಿಗೆ ಚೆನ್ನೆಮಣೆಯಷ್ಟು ಒಳ್ಳೆಯ ಆಟ ನಾನು ಕಂಡಿಲ್ಲ. ಘಟ್ಟದ ಮೇಲೆ ಅಳಗುಳಿಮಣೆ ಎನ್ನುತ್ತಾರೆ. ಎರಡು ಸಾಲಿಗೆ ಏಳೇಳರಂತೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಇಬ್ಬರು ಎದುರುಬದುರು ಕೂರಬೇಕು, ಆದರೆ ಮುಖ ನೋಡಬೇಕಾಗಿಲ್ಲ. ಇಬ್ಬರ ಕಣ್ಣೂ ಮಣೆಯ ಮೇಲೆ. ಮಾತು ಬೇಕಾಗಿಲ್ಲ, ಸರದಿ ಬೇಕು. ನೀನು ಆಡಿದ ಮೇಲೆ ನಾನು, ನಾನು ಆಡಿದ ಮೇಲೆ ನೀನು. ಸೋತರೆ ಐದು ನಿಮಿಷದಲ್ಲಿ ಇನ್ನೊಂದು ಆಟ. ಯಾವ ಭಾಷೆಯ ಮಗುವಾದರೂ ಸರಿ. ನಮ್ಮ ಹಿರಿಯರು ಆಟಿಯ ಮಳೆಗಾಲಕ್ಕೆ ಇದನ್ನು ಇಟ್ಟುಕೊಂಡಿದ್ದರು, ಹೊರಗೆ ಹೋಗಲಾಗದ ದಿನಗಳಿಗೆ. ಒಂದು ಎಚ್ಚರಿಕೆ ಮಾತ್ರ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಆಡಿ ಮುಗಿದ ಮೇಲೆ ಕಾಯಿಗಳನ್ನು ಎಣಿಸಿ ತೆಗೆದಿಡಿ. ಆ ಕೆಂಪು ಬೀಜ ಬಾಯಿಗೆ, ಮೂಗಿಗೆ, ಕಿವಿಗೆ ಹೋಗುತ್ತದೆ. ಮಗುವಿನ ಒಂದೇ ಮೂಗಿನ ಹೊಳ್ಳೆಯಿಂದ ವಾಸನೆಯ ಸಿಂಬಳ ಬಂದರೆ ಒಳಗೆ ಏನೋ ಸಿಕ್ಕಿಕೊಂಡಿದೆ ಎಂದೇ ತಿಳಿದು ವೈದ್ಯರಲ್ಲಿಗೆ ಹೋಗಿ. ನೀವೇ ಚಿಮಟ ಹಾಕಿ ತೆಗೆಯಲು ಹೋದರೆ ಇನ್ನೂ ಒಳಗೆ ಹೋಗುತ್ತದೆ.

ಇದೇ ಜಾಗದಲ್ಲಿ ಮೊಬೈಲು ಇಟ್ಟರೆ ಏನಾಗುತ್ತದೆಂದು ನೀವು ದಿನಾ ನೋಡುತ್ತೀರಿ. ಇಬ್ಬರು ಮಕ್ಕಳು ಪಕ್ಕಪಕ್ಕ, ಆದರೆ ಒಟ್ಟಿಗಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕಡಿಮೆಯಾದಷ್ಟೂ ಒಳ್ಳೆಯದು ಎಂದೂ ಹೇಳಿದೆ. ನಿದ್ದೆಯನ್ನು ಕದಿಯುವುದೂ ಅದೇ. ಮೂರರಿಂದ ಐದು ವರ್ಷದವರಿಗೆ ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ, ಆಮೇಲಿನ ಶಾಲೆಯ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಗು ಆಟದಲ್ಲಿ ಅಳುತ್ತದೆ, ಅಳುಬುರುಕನೊಟ್ಟಿಗೆ ಆಡಲು ಯಾರಿಗೂ ಬೇಡ.

ನೆಂಟರು ಬಂದಾಗ "ಮಾವನಿಗೆ ಒಂದು ಪದ್ಯ ಹೇಳು" ಎಂದು ನಿಲ್ಲಿಸುವ ಅಭ್ಯಾಸವೊಂದು ನಮ್ಮಲ್ಲುಂಟು. ಹೇಳದಿದ್ದರೆ ಮಗುವಿನ ಎದುರಿಗೇ "ಇವನು ಹೀಗೆಯೇ, ಬಾಯಿಯೇ ಇಲ್ಲ" ಎನ್ನುತ್ತೇವೆ. ಹತ್ತು ಸಲ ಕೇಳಿದ ಮೇಲೆ ಮಗುವೂ ಅದನ್ನೇ ನಂಬುತ್ತದೆ. ಪದ್ಯದ ಬದಲು ಕೈಗೊಂದು ಕೆಲಸ ಕೊಡಿ. ಬಂದವರಿಗೆ ಬೆಲ್ಲ ನೀರು ತಂದುಕೊಡಲಿ, ಎಲೆಯಡಿಕೆಯ ಹರಿವಾಣ ತರಲಿ. ಮಾತಾಡದೆಯೇ ಅದು ಆ ಕೂಟದೊಳಗೆ ಸೇರಿದ ಹಾಗಾಯಿತು.

ಯಾವಾಗ ಕಾಯಬಾರದು ಎಂಬುದನ್ನೂ ಹೇಳಬೇಕು. ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದ ಮಗು, ಬೇಕಾದ್ದನ್ನು ಬೆರಳು ತೋರಿಸದ, ಕಣ್ಣಿಗೆ ಕಣ್ಣು ಕೊಡದ ಮಗು, ಎರಡು ವರ್ಷ ತುಂಬಿದರೂ ಎರಡು ಶಬ್ದ ಕೂಡಿಸಿ ಹೇಳದ ಮಗು, ಬಂದ ಮಾತು ಮತ್ತೆ ಹೋದ ಮಗು, ಇವರನ್ನು "ಅವನ ಅಪ್ಪನೂ ತಡವಾಗಿ ಮಾತಾಡಿದ್ದು" ಎಂದು ಸಮಾಧಾನ ಹೇಳಿಕೊಂಡು ಮನೆಯಲ್ಲಿ ಕೂರಿಸಬೇಡಿ. ಶಬ್ದ ಲೆಕ್ಕ ಹಾಕುವಾಗ ಮನೆಯ ಎಲ್ಲ ಭಾಷೆಗಳನ್ನೂ ಸೇರಿಸಿ ಲೆಕ್ಕ ಹಾಕಿ. ಮನೆಯಲ್ಲಿ ಧಾರಾಳ ಮಾತಾಡಿ, ಶಾಲೆಯಲ್ಲಿ ತನ್ನ ಸ್ವಂತ ಭಾಷೆಯವರ ಹತ್ತಿರವೂ ತಿಂಗಳುಗಟ್ಟಲೆ ಒಂದು ಶಬ್ದ ಆಡದ ಮಗುವಿಗೂ ಸಹಾಯ ಬೇಕು. ಅದು ಹಟವಲ್ಲ, ಗಂಟಲು ಕಟ್ಟಿಸುವಂತಹ ಹೆದರಿಕೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿದರೆ ದಾರಿ ಹೇಳುತ್ತಾರೆ. ಹೋಗುವಾಗ ಮಗುವಿನ ಮಾತು ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಪರೀಕ್ಷೆ ಮಾಡುವವರಿಗೆ ಮಗುವಿನ ಮನೆಮಾತು ಯಾವುದೆಂದು ಮೊದಲೇ ಹೇಳಿ. ಮಲಯಾಳದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದ ಮಗು ಉತ್ತರ ಕೊಡದಿದ್ದರೆ ಅದು ರೋಗವಲ್ಲವಷ್ಟೆ.

ಗೇಟಿನಲ್ಲಿ ನಿಂತ ಆ ಅಜ್ಜಿಯ ಪುಳ್ಳಿಯ ವಿಷಯ ಹೇಳದೆ ಬಿಟ್ಟೆ. ಕಿವಿ ನೋಡಿಸಿದರು, ಸರಿಯಾಗಿಯೇ ಇತ್ತು. ಕಣ್ಣೂ ಸರಿ. ಕಕ್ಕಸಿನ ಕೊಂಡಿ ಎಟುಕುತ್ತಿರಲಿಲ್ಲ, ಅದು ನಿಜವಾಯಿತು. ಕೆಳಗೊಂದು ಕೊಂಡಿ ಬಂತು. ಅಜ್ಜಿ ಅಟ್ಟದಿಂದ ಚೆನ್ನೆಮಣೆ ಇಳಿಸಿದರು, ಕೆಳಗಿನ ಮನೆಯ ಬ್ಯಾರಿ ಹುಡುಗಿ ಶನಿವಾರ ಶನಿವಾರ ಬರತೊಡಗಿದಳು. ಆಟಿ ಕಳೆದ ಮೇಲೆ ಅಜ್ಜಿ ಮತ್ತೆ ಸಿಕ್ಕಿದರು. ಈಗ ಬೇರೆ ದೂರು. "56 ಕಾಯಿಯಲ್ಲಿ 41 ಮಾತ್ರ ಉಂಟು ಟೀಚರೇ. ಮಿಕ್ಕಿದ್ದು ಎಲ್ಲಿ ಎಂದು ಕೇಳಿದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತವೆ."